ನಾಲ್ಕು ಗೆರೆ ಎಳೆದ ಕಾರು

"ಕೀಲಿ ಇಲ್ಲಿ ಕೊಡು, ಮಿರೇಲ್ದಾ. ಸೊಟ್ಟ ಓಡಿಸಿ ಟೈರು ಸವೆಸಿಬಿಟ್ಟೆ. ನಾಳೆಯಿಂದ ಟ್ಯಾಕ್ಸಿ ನಾನೇ ಓಡಿಸ್ತೀನಿ," ಎಂದರು ಅಜ್ಜ ಎಲಿಹಿಯೊ, ಬೀದಿಬದಿಯ ಡೊಮಿನೊ ಮೇಜಿನಿಂದ ಏಳದೆಯೇ.

ಯುಸಿಮಿಯ ಅಮ್ಮ ಮಿರೇಲ್ದಾ ಕಾರಿಗೆ ಒರಗಿ ನಿಂತಿದ್ದಳು. ಅಜ್ಜನಷ್ಟೇ ವಯಸ್ಸಿನ ಕಾರು ಅದು. ಹಿಂದಿನ ಟೈರಿನ ಒಂದು ಅಂಚು ಸವೆದು ಬೋಳಾಗಿತ್ತು. ಸಿಯೆನ್‌ಫ್ವೆಗೋಸ್ ಪಟ್ಟಣದಲ್ಲಿ ಹೊಸ ಟೈರು ಸಿಗುವುದೂ ಒಂದೇ, ಹುಲಿಯ ಹಾಲು ಸಿಗುವುದೂ ಒಂದೇ.

"ಅಪ್ಪಾ, ನಾನು ನೆಟ್ಟಗೇ ಓಡಿಸ್ತೀನಿ. ಕಾರೇ ಒಂದು ಕಡೆ ಎಳೆಯುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಆಟದ ಗೆಳೆಯರು ಗೊಳ್ಳೆಂದು ನಕ್ಕರು.

ಯುಸಿಮಿಗೆ ಮೈಯೆಲ್ಲಾ ಉರಿಯಿತು. ಕೀಲಿ ಹೋದರೆ ಅಮ್ಮ ಮತ್ತೆ ಹೊಲಿಗೆ ಕಾರ್ಖಾನೆಗೆ ಹೋಗಬೇಕು. ಆಮೇಲೆ ಅವಳು ಮನೆಗೆ ಬರುವುದು ಕತ್ತಲಾದ ಮೇಲೆಯೇ.

ಯುಸಿಮಿ ಬಕೆಟ್ ತಂದು ಬೀದಿಯ ಮಧ್ಯೆ ನೀರು ಸುರಿದಳು.

"ಅಜ್ಜ, ನೆಟ್ಟಗೆ ಓಡಿಸಿದ್ರೆ ಹಿಂದಿನ ಚಕ್ರ ಮುಂದಿನದರ ಗೆರೆ ಮೇಲೇ ಬರುತ್ತಲ್ವಾ? ನನ್ನ ಸೈಕಲ್ ಹಾಗೇ ಬರುತ್ತೆ. ನೀನು ಓಡಿಸಿ ತೋರಿಸು."

"ತೋರಿಸದೆ ಏನು? ನೋಡ್ಕೋ, ಮರಿ."

ಅಜ್ಜ ಅಮ್ಮನಿಂದ ಕೀಲಿ ಪಡೆದು, ಎದೆಯುಬ್ಬಿಸಿ ಕಾರು ಹತ್ತಿದರು, ನೀರು ದಾಟಿಸಿ ನಿಲ್ಲಿಸಿದರು. ಒಣ ರಸ್ತೆಯ ಮೇಲೆ ಎರಡಲ್ಲ, ನಾಲ್ಕು ಒದ್ದೆ ಗೆರೆ ಬಿದ್ದಿದ್ದವು. ಕಾರು ಏಡಿಯ ಹಾಗೆ ಓರೆಯಾಗಿ ನಡೆದಿತ್ತು.

ಯಾರೂ ನಗಲಿಲ್ಲ. ಅಜ್ಜ ದಾರ ತರಿಸಿ, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎರಡೂ ಬದಿ ಅಳೆದರು. ಎಡಗಡೆ ಎರಡು ಬೆರಳು ಹೆಚ್ಚು. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಚ್ಚು ಜರುಗಿತ್ತು. ಅಜ್ಜ ಕಾರಿನಡಿ ನುಸುಳಿದರು. ಅಮ್ಮ ಟಾರ್ಚ್ ಹಿಡಿದಳು.

ಹೋದ ತಿಂಗಳು ಅಚ್ಚನ್ನು ಸ್ಪ್ರಿಂಗಿಗೆ ಹಿಡಿದಿಡುವ ಬೋಲ್ಟು ಮುರಿದಾಗ ಅಜ್ಜ ಹಳೇ ಟ್ರ್ಯಾಕ್ಟರಿನದೊಂದನ್ನು ಹಾಕಿ, 'ಇನ್ನು ನೂರು ವರ್ಷ ಚಿಂತೆ ಇಲ್ಲ' ಎಂದಿದ್ದರು. ಅದರ ತಲೆ ಸಣ್ಣದು. ಅಚ್ಚಿನ ತೂತಿನಲ್ಲಿ ಸಡಿಲವಾಗಿ, ಅಚ್ಚನ್ನು ಅದು ಹಿಡಿದೇ ಇರಲಿಲ್ಲ.

"ಏನಪ್ಪಾ ಎಲಿಹಿಯೊ, ತಪ್ಪು ಯಾರದು?" ಎಂದು ಮೇಜಿನಿಂದ ಒಬ್ಬರು ಕೇಳಿದರು.

ಯುಸಿಮಿಯ ನಾಲಿಗೆ ತುರಿಸಿತು. ಆದರೆ ಕಾರಿನಡಿಯಿಂದ ಹೊರಬಂದ ಅಜ್ಜನ ಕಿವಿ ಕೆಂಪಾಗಿದ್ದವು.

"ಬೋಲ್ಟಿಂದು," ಎಂದಳು.

ಅಜ್ಜ ಮೊಮ್ಮಗಳನ್ನು ನೋಡಿದರು, ಆಮೇಲೆ ಗೆಳೆಯರ ಕಡೆ ತಿರುಗಿದರು.

"ಅದನ್ನ ಹಾಕಿದ್ದು ಯಾರು ಅಂತಾನೂ ಕೇಳ್ರೋ. ನಾನೇ." ಕೀಲಿಯನ್ನು ಅಮ್ಮನ ಕೈಗಿಟ್ಟರು. "ಇಂಥಾ ಕಾರನ್ನ ಇಷ್ಟು ದಿನ ರಸ್ತೆ ಬಿಡದಂಗೆ ಓಡಿಸಿದ್ದೀಯಲ್ಲೇ."

 ಅಮ್ಮ ಅಜ್ಜನ ಬೆನ್ನಿಗೆ ಮೆತ್ತಿದ್ದ ಮಣ್ಣನ್ನು ಮೆಲ್ಲಗೆ ಕೊಡವಿದಳು.

ಗೆದ್ದೆವೆಂದು ಕುಣಿಯಲು ಕಾಲೆತ್ತಿದ್ದ ಯುಸಿಮಿ ಅದನ್ನು ನೋಡಿ ನಿಂತಳು. ಆಮೇಲೆ ಅಜ್ಜನಿಗೆ ಕೈ ಒರೆಸಿಕೊಳ್ಳಲು ಬಟ್ಟೆ ತರಲು ಒಳಗೆ ಓಡಿದಳು.