ಮೊರದ ಹಿಂದಿನ ಗೋಡೆ

ಅತ್ತೆ ದೇವಸ್ಥಾನದಿಂದ ಬರುವುದರೊಳಗೆ ಒಲೆ ಒಡೆಸಿಬಿಡಬೇಕೆಂದು ಶಾಂತಲಾ ಗಾರೆ ಕೆಲಸದ ಹೊಳೆಪ್ಪನನ್ನು ಕರೆಸಿದ್ದಳು. ಮನಸ್ಸು ಕಲ್ಲಾಗಿತ್ತು. ಇಟ್ಟಮಡುವಿನ ಆ ಹಳೆಯ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷ. ಅಷ್ಟೂ ವರ್ಷ ನೆಲದ ಒಲೆಯ ಮುಂದೆ ಕೂತು ಅವಳ ಮಂಡಿ ಸವೆದಿದ್ದವು. ಎರಡು ಸಾವಿರದ ಮೂರನೇ ಇಸವಿ ಬಂದಿತ್ತು, ಅಕ್ಕಪಕ್ಕದವರೆಲ್ಲ ನಿಂತು ಅಡುಗೆ ಮಾಡುತ್ತಿದ್ದರು. ಇಲ್ಲಿ ಗ್ಯಾಸ್ ಕಟ್ಟೆಯ ಮಾತೆತ್ತಿದರೆ ಅತ್ತೆ ಮಾರಮ್ಮನವರದು ಒಂದೇ ಉತ್ತರ, ಅಡುಗೆಮನೆ ಮುಟ್ಟಕೂಡದು! ಒಲೆ ಪಕ್ಕದ ಮೊಳೆಗೆ ತೂಗುಹಾಕಿದ ಹರಕು ಮೊರವನ್ನೂ ತೆಗೆಯಕೂಡದು. ಯುಗಾದಿಗೆ ಸುಣ್ಣ ಹೊಡೆಯಲೂ ಅವರು ಸೊಸೆಯ ಕೈಗೆ ಕುಂಚ ಕೊಟ್ಟವರಲ್ಲ. ಮಗು ಉಳಿಯದ ಕೈಯೆಂದು ಅತ್ತೆ ಹೇಸುತ್ತಾರೆಂದೇ ಅವಳು ನಂಬಿದ್ದಳು.

ಸಾಲದ್ದಕ್ಕೆ, ಹಳೆಯ ಮನೆಗಳನ್ನು ಉಳಿಸುವ ಸಂಘದ ಕಾತ್ಯಾಯಿನಿ ಮೇಡಂ ಬಂದು ಮರದ ಕಂಬ, ಒರಳುಕಲ್ಲು, ಹೊಗೆ ಹಿಡಿದ ತೊಲೆಗಳನ್ನು ಕಂಡು ಮರುಳಾಗಿದ್ದರು. ಏನನ್ನೂ ಬದಲಿಸದಿದ್ದರೆ ಪ್ರತಿ ಭಾನುವಾರ ಜನರನ್ನು ಕರೆತಂದು ತೋರಿಸುತ್ತೇವೆಂದಾಗ ಮಾರಮ್ಮ ತಕ್ಷಣ ಒಪ್ಪಿಬಿಟ್ಟರು. ಬಂದವರು ಒಲೆಯ, ಮೊರದ ಫೋಟೋ ತೆಗೆದುಕೊಂಡು ಎಷ್ಟು ಚೆಂದವೆಂದು ಹೊಗಳಿದ್ದೇ ಹೊಗಳಿದ್ದು. ಅಲ್ಲಿ ಕೂತವಳ ಮಂಡಿಯನ್ನು ಯಾರೂ ಕೇಳಲಿಲ್ಲ.

ಹೊಳೆಪ್ಪ ಒಲೆ ಒಡೆದು, ಕಟ್ಟೆಯ ಕಲ್ಲು ಕೂರಿಸಲು ಮೊರವಿದ್ದ ಗೋಡೆಗೆ ಉಳಿ ಇಡುವಷ್ಟರಲ್ಲಿ ಮಾರಮ್ಮ ಬಂದರು. ಹಣ್ಣುಕಾಯಿ ಬುಟ್ಟಿ ಕೆಳಗಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟರು.

"ಒಲೆ ಹೋದ್ರೆ ಹೋಗ್ಲಿ. ಈ ಗೋಡೆ ಮುಟ್ಬೇಡ ಕಣಪ್ಪ."

ಶಾಂತಲಾಳಿಗೆ ತಡೆಯಲಾಗಲಿಲ್ಲ. "ಗೋಡೆ ಮೇಲಿರೋ ಮಮತೆ ನನ್ನ ಮಗು ಮೇಲೆ ಇರ್ಲಿಲ್ವಲ್ಲ ಅತ್ತೆ... ಮೂರೇ ದಿನಕ್ಕೆ ತೊಟ್ಲು, ಬಟ್ಟೆ ಎಲ್ಲಾ ಯಾರಿಗೋ ಕೊಟ್ಬಿಟ್ರಿ. ನನಗೆ ಅಳೋಕೂ ಬಿಡ್ಲಿಲ್ಲ..."

ಹತ್ತು ತಿಂಗಳಿಗೇ ಜ್ವರ ಬಂದು ತೀರಿಹೋದ ಪುಟ್ಟಿಯ ಮಾತು ಆ ಮನೆಯಲ್ಲಿ ಹದಿನೈದು ವರ್ಷದಿಂದ ಯಾರ ಬಾಯಲ್ಲೂ ಬಂದಿರಲಿಲ್ಲ. ಮಾರಮ್ಮ ಎದ್ದು, ಮೊರವನ್ನು ಮೊಳೆಯಿಂದ ತೆಗೆದರು.

ಅಂಗೈಯಗಲದ ಕಪ್ಪು ಕಲೆ. ಸುತ್ತ ವರ್ಷವರ್ಷದ ಸುಣ್ಣ ದಪ್ಪಗಟ್ಟಿ, ಅಷ್ಟು ಜಾಗ ಮಾತ್ರ ತಗ್ಗಾಗಿ ಉಳಿದಿತ್ತು. ಮಗುವಿಗೆ ಕಾಡಿಗೆ ಹಚ್ಚಿ, ದೃಷ್ಟಿಬೊಟ್ಟಿಟ್ಟು, ಬೆರಳಲ್ಲಿ ಉಳಿದದ್ದನ್ನು ಒಲೆ ಪಕ್ಕದ ಗೋಡೆಗೆ ಒರೆಸುವುದು ಆ ಮನೆಯ ರೂಢಿ. ಶಾಂತಲಾ ಹತ್ತು ತಿಂಗಳು ಒರೆಸಿದ್ದಳು. ಅವಳದೇ ಬೆರಳ ಗೆರೆಗಳು, ಒಂದರ ಮೇಲೊಂದು.

"ನೀನಿದನ್ನೆಲ್ಲ ನೋಡ್ತಾ ಕೂತ್ರೆ ನೀನೂ ಉಳಿಯಲ್ಲ ಅನ್ನಿಸ್ತು," ಎಂದರು ಮಾರಮ್ಮ, ಗೋಡೆಯ ಪಕ್ಕ ಮತ್ತೆ ಕೂರುತ್ತ. "ಅದಕ್ಕೆ ಎಲ್ಲಾ ಕೊಟ್ಟೆ. ಇದನ್ನ ಅಳಿಸೋಕೆ ಕೈ ಬರ್ಲಿಲ್ಲ ಕಣವ್ವ, ಮೊರ ಮುಚ್ಚಿದೆ. ಕೂಸಿನದು ಒಂದು ಫೋಟೋನಾದ್ರೂ ತೆಗೆಸಿದ್ವಾ?"

ಶಾಂತಲಾ ಅತ್ತೆಯ ಮಡಿಲಲ್ಲಿ ಮುಖವಿಟ್ಟಳು. ಹದಿನೈದು ವರ್ಷದ ಅಳು ಅದು... ಮಾರಮ್ಮ ಈ ಸಲ ಬೇಡವೆನ್ನಲಿಲ್ಲ.

ಗ್ಯಾಸ್ ಕಟ್ಟೆ ಎದುರಿನ ಗೋಡೆಗೆ ಬಂತು. ಹಳೆಯ ಕಳೆ ಹೋಯಿತೆಂದು ಕಾತ್ಯಾಯಿನಿ ಮೇಡಂ ಬೇಸರಪಟ್ಟು ಜನರನ್ನು ಕರೆತರುವುದನ್ನು ಬಿಟ್ಟರು. ಮುಂದಿನ ಯುಗಾದಿಗೆ ಮಾರಮ್ಮ ಮೊದಲ ಬಾರಿಗೆ ಸುಣ್ಣದ ಕುಂಚವನ್ನು ಸೊಸೆಯ ಕೈಗಿತ್ತರು.

"ನೋಡ್ಕೊಂಡು ಹೊಡಿ," ಎಂದರು.

ಶಾಂತಲಾ ಉಸಿರು ಬಿಗಿಹಿಡಿದು, ಕಪ್ಪಿನ ಅಂಚಿಗೆ ಕುಂಚ ತಾಗದಂತೆ ಸುತ್ತಲೂ ಬಳಿದಳು. ಮೊರವನ್ನು ಮತ್ತೆ ಅಲ್ಲಿ ತೂಗುಹಾಕಲಿಲ್ಲ.