ಶಲವಡಿಗೋ, ಕುಬಿಹಾಳಕ್ಕೋ

ಶಲವಡಿ ಕಾಲೇಜಿನ ಪಿಟಿ ಮೇಡಂ ನಂದಾಗೂ ಕುಬಿಹಾಳ ಕಾಲೇಜಿನ ಪಿಟಿ ಸರ್ ಹೇಮಂತನಿಗೂ ಅಗದಿ ಆಗಿಬರುವುದಿಲ್ಲ ಎನ್ನುವುದು ಸುತ್ತಲಿನ ಐದೂ ಕಾಲೇಜಿಗೆ ಗೊತ್ತಿದ್ದ ಸಂಗತಿ. ಮೀಟಿಂಗಿನಲ್ಲಿ ಅವರಿಬ್ಬರನ್ನು ಬಾಜೂಕ ಬಾಜೂಕ ಕೂಡಿಸುತ್ತಿರಲಿಲ್ಲ, ಮೇಜಿನ ಆಚೆಗೊಬ್ಬರು ಈಚೆಗೊಬ್ಬರು. ಆ ಪುಣ್ಯಾತ್ಮರಿಗೆ ಯಾರು ಹೇಳಬೇಕು, ನಂದಾಗೆ ಬೇಕಾದದ್ದೂ ಅದೇ ಅಂತ! ಬಾಜೂಕ ಕೂತರೆ ಮುಖ ಕಾಣುವುದಿಲ್ಲ.

ವರ್ಷಕ್ಕೊಮ್ಮೆ, ಜುಲೈ ತಿಂಗಳಲ್ಲಿ, ನವಲಗುಂದದಲ್ಲಿ ಈ ಮೀಟಿಂಗ್. ಸಪ್ಟೆಂಬರಿನಲ್ಲಿ ನಡೆಯುವ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಟೂರ್ನಮೆಂಟ್ ಈ ಸಲ ಯಾವ ಊರಲ್ಲಿ ಎಂದು ಐದು ಕಾಲೇಜಿನ ಪಿಟಿಗಳು ಕೂತು ಠರಾಯಿಸಬೇಕು. ಆರು ವರ್ಷದಿಂದ ನಂದಾ ‘ಶಲವಡಿಗೆ ಕೊಡ್ರಿ’ ಅನ್ನುವುದು, ಹೇಮಂತ ‘ಕುಬಿಹಾಳಕ್ಕ ಕೊಡ್ರಿ’ ಅನ್ನುವುದು.

“ನಿಮ್ಮೂರಾಗ ಹುಡುಗ್ಯಾರಿಗೆ ಉಳಿಯಾಕ ಜಾಗಾ ಎಲ್ಲೈತ್ರಿ ಶಲವಡಿ ಮೇಡಂ?”

“ಮೊದಲ ನಿಮ್ಮ ಸೊಟ್ಟ ಬಾಸ್ಕೆಟ್ ಕಂಬಾ ನೆಟ್ಟಗ ನಿಂದರಸ್ರಿ ಕುಬಿಹಾಳ ಸರ್!”

ಸಿಟ್ಟು ಬಂದರೆ ಹೇಮಂತನ ಎಡಹುಬ್ಬು ಒಂದೇ ಮೇಲೆ ಹೋಗುತ್ತಿತ್ತು. ಅದನ್ನು ಇನ್ನೊಮ್ಮೆ ನೋಡಬೇಕೆಂದೇ ನಂದಾ ಮತ್ತೊಂದು ಮಾತು ಚುಚ್ಚುತ್ತಿದ್ದಳು. ಕೊನೆಗೆ ಇಬ್ಬರ ಜಗಳ ಹರಿಯದೆ ಟೂರ್ನಮೆಂಟ್ ಸುಮ್ಮನೆ ನವಲಗುಂದದಲ್ಲೇ ಉಳಿಯುತ್ತಿತ್ತು.

ನಂದಾಗೆ ಈಗ ಮೂವತ್ತೆಂಟು. ನೋಡಲು ಬಂದ ಗಂಡುಗಳೆಲ್ಲ ಅವಳ ಎತ್ತರ ನೋಡಿ, ಅವಲಕ್ಕಿ ತಿಂದು, ಚಹಾ ಕುಡಿದು, ಹೊಳ್ಳಿ ಈ ಕಡೆ ಬರಲಿಲ್ಲ. ಆಮೇಲಾಮೇಲೆ ನೋಡಲು ಬರುವವರೂ ನಿಂತರು. ಸಂಜೆ ಐದರ ಬಸ್ಸಿಗೆ ಹುಡುಗಿಯರೆಲ್ಲ ಹೋದ ಮೇಲೆ ಶಲವಡಿಯ ಗ್ರೌಂಡಿನಲ್ಲಿ ಅವಳೊಬ್ಬಳೇ. ಚೆಂಡು ಒಗೆಯುವವಳೂ ಅವಳೇ, ಅದು ಉರುಳಿ ಹತ್ತಿ ಹೊಲಕ್ಕೆ ಹೋದರೆ ಓಡಿಹೋಗಿ ತರುವವಳೂ ಅವಳೇ. ಬಾಡಿಗೆ ಖೋಲಿಗೆ ಬಂದು ಒಂದು ರೊಟ್ಟಿ ಬಡಿದು, ಅದನ್ನೂ ಅರ್ಧ ಉಳಿಸಿ ಮಲಗುತ್ತಿದ್ದಳು. ಇಡೀ ದಿನ ಸೀಟಿ ಊದಿದ ಬಾಯಿಗೆ ರಾತ್ರಿ ಮಾತಾಡಲು ಒಬ್ಬರೂ ಇರುತ್ತಿರಲಿಲ್ಲ.

ಟೂರ್ನಮೆಂಟ್ ಶಲವಡಿಗೆ ಬಂದರೆ ಹೇಮಂತ ಎರಡು ದಿನ ಅವಳ ಗ್ರೌಂಡಿನಲ್ಲಿ ನಿಲ್ಲುತ್ತಾನೆ. ಅವಳು ಕೈಯಾರೆ ಮಾಡಿದ ಚಹಾ ಕುಡಿಯುತ್ತಾನೆ. ಅಷ್ಟಕ್ಕೇ ಆರು ವರ್ಷದ ಆ ಜಗಳ! ಹೆಂಡತಿ ತೀರಿಕೊಂಡು ಒಂಬತ್ತು ವರ್ಷ ಒಬ್ಬನೇ ಇರುವ ಮನುಷ್ಯನ ಮುಂದೆ ಹೋಗಿ, ‘ನಮ್ಮೂರಿಗೆ ಒಮ್ಮೆ ಬರ್ರಿ’ ಎಂದು ಬೇರೆ ಯಾವ ನೆವದಲ್ಲಿ ಹೇಳಬೇಕು? ನಂದಾಗೆ ಹೊಳೆದಿರಲಿಲ್ಲ.

ಈ ವರ್ಷ ಅವಳು ಟ್ರ್ಯಾಕ್‌ಸೂಟ್ ಬಿಟ್ಟು ತಿಳಿಹಸಿರು ಸೀರೆ ಉಟ್ಟು ಬಂದಿದ್ದಳು. ಯಾಕೆಂದು ಕೇಳಿದವರಿಗೆ “ಟ್ರ್ಯಾಕ್‌ಸೂಟ್ ಒಣಗಿಲ್ರಿ” ಅಂದಳು.

ಅಧ್ಯಕ್ಷತೆ ಬಾಬಾಸಾಬ ಸರ್ ಅವರದು. ಕುಂದಗೋಳದವರು, ಮುಂದಿನ ವರ್ಷ ರಿಟೈರ್. ಠರಾವು ಪುಸ್ತಕ ತೆರೆದು, “ಹೂಂ, ಶುರು ಮಾಡ್ರಿ ನಿಮ್ಮ ಕುಸ್ತಿ” ಎಂದರು. ಎಲ್ಲರೂ ನಕ್ಕರು.

“ಈ ಸಲ ಶಲವಡಿಗೆ ಬೇಕ್ರಿ” ಎಂದು ನಂದಾ ಎದುರಿಗೆ ನೋಡಿದಳು. ಹುಬ್ಬು ಇನ್ನೇನು ಏರಬೇಕು.

ಹೇಮಂತ ಅವಳ ಕಡೆ ನೋಡಲೇ ಇಲ್ಲ. ಪೆನ್ನಿನ ಕ್ಯಾಪ್ ತೆಗೆಯುತ್ತ ಹಾಕುತ್ತ, “ಕೊಡ್ರಿ ಸರ್” ಅಂದ. “ಶಲವಡಿಗೇ ಕೊಡ್ರಿ. ನಂದೇನೂ ತಕರಾರಿಲ್ಲ.”

ಒಂದು ಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಚಪ್ಪಾಳೆ ಬಿದ್ದವು. ಬಾಬಾಸಾಬ ಸರ್ ಶಲವಡಿ ಎಂದು ಪೆನ್ಸಿಲಿನಲ್ಲಿ ಬರೆದು, “ಮೊದಲ ಮಿರ್ಚಿ ತಿನ್ನೂಣು, ಆಮ್ಯಾಲ ಪೆನ್ನಿನ್ಯಾಗ ಬರದು ಸಹಿ ಹಾಕೂಣು” ಎಂದರು. ಆರು ವರ್ಷ ಬೇಡಿದ್ದು ಕೈಗೆ ಬಂದಿತ್ತು. ನಂದಾ ಮಾತ್ರ ಮಿರ್ಚಿ ಮುಟ್ಟಲಿಲ್ಲ. ಜಗಳವಾಡದ ಹೇಮಂತನನ್ನು ಅವಳು ಯಾವತ್ತೂ ನೋಡಿರಲಿಲ್ಲ.

ಅವನು ಹೊರಗೆ ಪಡಸಾಲೆಯಲ್ಲಿ ಮಳೆ ನೋಡುತ್ತ ನಿಂತಿದ್ದ. ಅವಳು ಚಹಾದ ಕಪ್ಪು ಒಯ್ದು ಕೊಟ್ಟಳು.

“ಆರಾಮ ಇಲ್ಲೇನ್ರಿ?”

“ಅದೀನ್ರಿ.”

“ಮತ್ತ ಜಗಳಾ ಯಾಕ ಆಡಲಿಲ್ಲ? ನಾ ಎಷ್ಟು ತಯಾರಿ ಮಾಡ್ಕೊಂಡ ಬಂದಿದ್ದೆ ಗೊತ್ತೇನು!”

ಹೇಮಂತ ನಗಲಿಲ್ಲ. “ಟ್ರಾನ್ಸಫರ್ ಆತ್ರಿ ಮೇಡಂ. ಔರಾದಕ್ಕ. ಬೀದರ ಆಚಿ. ಇದ ಹದಿನೈದನೇ ತಾರೀಖಿಗೆ ರಿಲೀವ್.”

ನಂದಾ ಬೆರಳು ಮಡಚಿ ಹದಿನೈದಕ್ಕೆ ಎಷ್ಟು ದಿನವೆಂದು ಎಣಿಸಿದಳು.

“ನಾ ಆರು ವರ್ಷ ಯಾಕ ಹಟಾ ಮಾಡ್ತಿದ್ದೆ ಅಂತ ಕೇಳಲಿಲ್ಲ ನೀವು” ಅಂದ ಹೇಮಂತ, ಮಳೆಗೇ ಹೇಳುವವನ ಹಾಗೆ. “ಟೂರ್ನಮೆಂಟ್ ಕುಬಿಹಾಳಕ್ಕ ಬಂದ್ರ ನೀವೂ ಎರಡು ದಿನಾ ಬರ್ತೀರಲ್ಲಾ ಅಂತ. ಬ್ಯಾರೆ ಏನೂ ಇಲ್ರಿ. ಈಗ ನಾನ ಇರೂದಿಲ್ಲ. ಮತ್ಯಾರ ಸಲುವಾಗಿ ಜಗಳಾ?”

ದೇವರೇ! ಮೇಜಿನ ಆ ಕಡೆಗೂ ಇದೇ ಹುಚ್ಚು ಇತ್ತೇ? ನಂದಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಔರಾದಕ್ಕೆ ಹೋದವರು ಹೊಳ್ಳಿ ಬರುವುದು ಯಾವಾಗ? ಮುಂದಿನ ಜುಲೈಯಲ್ಲಿ ಆ ಎದುರಿನ ಕುರ್ಚಿಯಲ್ಲಿ ಇನ್ಯಾರೋ ಕೂತಿರುತ್ತಾರೆ. ಅವಳು ತಿರುಗಿ ಸರಸರ ಒಳಗೆ ನಡೆದಳು.

“ಸರ್,” ಅಂದಳು ಬಾಬಾಸಾಬರಿಗೆ, “ಟೂರ್ನಮೆಂಟ್ ಹಿಡದ ಪಿಟಿನ್ನ ಅದು ಮುಗಿಯೂಕಿಂತ ಮೊದಲ ರಿಲೀವ್ ಮಾಡ್ತಾರೇನ್ರಿ?”

“ಹೆಂಗ ಮಾಡ್ತಾರ್ರಿ? ಲೆಕ್ಕಾ ಪತ್ರಾ ಎಲ್ಲಾ ಅವರ ಹೆಸರ‍್ಲೇ ಇರತೈತಿ. ಮುಗಿಸೇ ಹೋಗಬೇಕು. ಯಾಕ?”

“ಹಂಗಾರ ಶಲವಡಿ ಅಳಸ್ರಿ. ಕುಬಿಹಾಳ ಅಂತ ಬರೀರಿ.”

ಮಿರ್ಚಿ ಬಾಯಿಗೆ ಹೋಗುತ್ತಿದ್ದ ಕೈಗಳೆಲ್ಲ ಅಲ್ಲೇ ನಿಂತವು.

“ನಮ್ಮೂರಾಗ ಹುಡುಗ್ಯಾರಿಗೆ ಉಳಿಯಾಕ ಜಾಗಾ ಇಲ್ರಿ” ಎಂದಳು ನಂದಾ.

“ಇದನ್ನ ಹ್ವಾದ ವರ್ಷ ಅವರು ಅಂದಾಗ ನೀವು ಮೇಜು ಗುದ್ದಿದ್ರೆಲ್ಲಾ ತಾಯಿ!”

“ಗುದ್ದಿದ್ದು ತಪ್ಪಾತ್ರಿ. ಬರೀರಿ.”

ಬಾಬಾಸಾಬ ಸರ್ ಅವಳನ್ನು ನೋಡಿದರು, ಬಾಗಿಲಲ್ಲಿ ಬಂದು ನಿಂತಿದ್ದ ಹೇಮಂತನನ್ನು ನೋಡಿದರು, ಅವಳ ಸೀರೆಯನ್ನೂ ಒಮ್ಮೆ ನೋಡಿದರು. ಮೂವತ್ತು ವರ್ಷ ಆಟ ಆಡಿಸಿದ ಮನುಷ್ಯ. ಏನೂ ಕೇಳದೆ ರಬ್ಬರ್ ತೆಗೆದು ಶಲವಡಿಯನ್ನು ಅಳಿಸಿ, ಕುಬಿಹಾಳ ಎಂದು ಪೆನ್ನಿನಲ್ಲಿ ದಪ್ಪಗೆ ಬರೆದರು. “ಹೇಮಂತ ಸರ್, ಸಪ್ಟೆಂಬರ್ ತನಕಾ ನೀವು ಎಲ್ಲೂ ಹೋಗಂಗಿಲ್ಲ ಬಿಡ್ರಿ” ಎಂದರು.

ನವಲಗುಂದ ಬಸ್‌ಸ್ಟ್ಯಾಂಡಿನವರೆಗೂ ಇಬ್ಬರೂ ಒಂದೇ ಛತ್ರಿಯಲ್ಲಿ ಬಂದರು, ನಡುವೆ ಒಂದು ಗೇಣು ಬಿಟ್ಟು. ಅವನ ಹೊರಗಿನ ಭುಜ ಪೂರಾ ತೊಯ್ದಿತ್ತು.

“ಆರು ವರ್ಷ ಬೇಡಿದ್ದನ್ನ ಬಿಟ್ಟು ಕೊಟ್ರಿ” ಅಂದ ಹೇಮಂತ.

“ನಾ ಬೇಡಿದ್ದು ಟೂರ್ನಮೆಂಟ್ ಅಲ್ಲರಿ.” ಹೇಳಿಬಿಟ್ಟಳು. ಕಿವಿ ಬಿಸಿಯಾದವು, ಆದರೂ ನಿಲ್ಲಿಸಲಿಲ್ಲ. “ಸರ್, ಚೆಂಡು ಕೈಗೆ ಬಂದ ಮ್ಯಾಲ ಎಷ್ಟೊತ್ತಿನ್ಯಾಗ ಬಾಸ್ಕೆಟ್ಟಿಗೆ ಒಗೀಬೇಕ್ರಿ?”

“ಇಪ್ಪತ್ನಾಕು ಸೆಕೆಂಡ್.”

“ನೀವು ಆರು ವರ್ಷ ಹಿಡಕೊಂಡು ನಿಂತೀರಿ. ಯಾ ರೆಫ್ರಿ ಬಿಡ್ತಾನು?”

ಈಗ ಹುಬ್ಬು ಏರಿತು. ಜೊತೆಗೆ ನಗೆಯೂ ಬಂತು, ಬಂದು ಹಾಗೇ ಆರಿತು. “ಎರಡು ತಿಂಗಳಾದ ಮ್ಯಾಲ ಔರಾದ ಇದ್ದದ್ದ ಐತೆಲ್ರಿ” ಅಂದ.

ನಂದಾ ಛತ್ರಿಯನ್ನು ಅವನ ತೊಯ್ದ ಭುಜದ ಕಡೆಗೆ ಸರಿಸಿದಳು. ಅಷ್ಟರಲ್ಲಿ ಅವಳ ಊರಿನ ಕಡೆ ಹೋಗುವ ಅಣ್ಣಿಗೇರಿ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಹತ್ತಿರ ಕೂತಳು. ಅವನು ಛತ್ರಿ ಮಡಚಿ, ತೊಯ್ಯುತ್ತಲೇ ಕಿಟಕಿಯ ಕೆಳಗೆ ಬಂದು ನಿಂತ.

“ಮೇಡಂ, ಟ್ರಾನ್ಸಫರ್ ಫಾರ್ಮಿನ್ಯಾಗ ಒಂದು ಕಾಲಂ ಇರತೈತಿ. ಪತಿ-ಪತ್ನಿ ಪ್ರಕರಣ, ಹೌದು ಇಲ್ಲಾ ಅಂತ. ಹೌದು ಅಂತ ಇದ್ರ ಇಬ್ಬರನ್ನೂ ಒಂದ ಕಡೆ ಹಾಕ್ತಾರ. ರಿಲೀವ್ ಆಗೂದ್ರಾಗ ಮತ್ತೊಮ್ಮೆ ಅರ್ಜಿ ಕೊಡಬಹುದು.” ಅವನು ಕಿಟಕಿಯ ಅಂಚು ಹಿಡಿದುಕೊಂಡ. “ನಾ ಈ ಸಲಾನೂ ಇಲ್ಲಾ ಅಂತ ಬರದಿದ್ದೆ. ಈಗ ಏನ ಬರೀಲ್ರಿ?”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು. ನಂದಾ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಗ್ರೌಂಡಿನ ಆ ತುದಿಗೂ ಕೇಳುವ ದನಿಯಲ್ಲಿ ಕೂಗಿದಳು.

“ಹೌದು ಅಂತ ಬರೀರಿ!”

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವಳು ಕೂತು, ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ಎಷ್ಟು ವರ್ಷದ್ದೋ ಏನೋ, ನಿಲ್ಲಲೇ ಇಲ್ಲ. ಬಾಜೂಕ ಕೂತಿದ್ದ ಮುದುಕಿ ತೊಡೆಯ ಮೇಲಿನ ಗಂಟು ಸರಿಸಿ, ಅವಳ ಬೆನ್ನ ಮೇಲೆ ಕೈಯಿಟ್ಟಳು.

“ಯಾರು ತೀರಿಕೊಂಡ್ರ ಯವ್ವಾ?”

“ಯಾರೂ ಇಲ್ಲ ಬೇ” ಎಂದಳು ನಂದಾ ಬಿಕ್ಕುತ್ತ. “ನನ್ನ ಮದುವಿ ಗೊತ್ತಾತು.”

ಮುದುಕಿ ಅವಳ ತಲೆಯನ್ನು ಮೆಲ್ಲಗೆ ತನ್ನ ಭುಜಕ್ಕೆ ಒರಗಿಸಿಕೊಂಡು, “ಹಂಗಾರ ಅಳು ನನ್ನವ್ವಾ” ಎಂದಳು. “ಅಣ್ಣಿಗೇರಿ ಇನ್ನೂ ದೂರೈತಿ.”