ಕುಕ್ಕರ್ ಹಿಡಿಕೆಯ ಗುಂಡಿ

ಇದನ್ನು ಪೂರ್ತಿ ಕೇಳಿಬಿಡಿ. ನಡುವೆ ಎದ್ದು ಹೋಗಿ "ಹುಡುಗಿ ದುಡುಕಿದಳು" ಅನ್ನಬೇಡಿ. ದುಡುಕಿದ್ದು ನಿಜ, ಆದರೆ ಎಲ್ಲಿ ದುಡುಕಿದೆ ಅನ್ನುವುದು ಕೊನೆಗೇ ಗೊತ್ತಾಗುವುದು. ಸವಣೂರಿನಿಂದ ಬಸ್ಸು ಹೊರಟಿದೆ, ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ರೆಕಾರ್ಡ್ ಮಾಡಲು ಫೋನಿನಲ್ಲಿ ಅರವತ್ತು ಪರ್ಸೆಂಟ್ ಚಾರ್ಜ್ ಇದೆ. ಹಾನಗಲ್ ಮುಟ್ಟುವುದರೊಳಗೆ ಹೇಳಿ ಮುಗಿಸುತ್ತೇನೆ.

ನನ್ನ ಹೆಸರು ಅಂಕಿತಾ. ಹಾನಗಲ್ ಬಸ್ ನಿಲ್ದಾಣದ ಹಿಂದೆ ನಮ್ಮಪ್ಪ ಚನ್ನವೀರಪ್ಪನವರ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಅದರ ಮೂಲೆಯಲ್ಲಿ ಒಂದು ಮೇಜು, ಒಂದು ಸೋಲ್ಡರಿಂಗ್ ಕಡ್ಡಿ, ಒಂದು ಟೇಬಲ್ ಲ್ಯಾಂಪು. ಆ ಮೂಲೆ ನನ್ನದು.

ನಾನು ಹಳೆಯ ಟಿವಿ ಗೇಮುಗಳ ಪ್ಯಾಡ್ ಮಾಡುತ್ತೇನೆ. ಹಳದಿ ಕ್ಯಾಸೆಟ್ ಹಾಕಿ ಆಡುತ್ತಿದ್ದೆವಲ್ಲ, ಚಿತ್ರ ಬರದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಉಫ್ ಅಂತ ಊದುತ್ತಿದ್ದೆವಲ್ಲ, ಅದೇ. ಕ್ಯಾಸೆಟ್ ಹಾಕುವ ಆ ಪೆಟ್ಟಿಗೆಗಳು ಇನ್ನೂ ಬದುಕಿವೆ. ಸಾಯುವುದು ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಪ್ಯಾಡುಗಳು. ನಾನು ಟಿವಿ ರಿಮೋಟಿನ ರಬ್ಬರ್ ಕತ್ತರಿಸಿ ಒಳಗೆ ಕೂರಿಸುತ್ತೇನೆ, ಹಳೆಯ ಕುಕ್ಕರಿನ ಹಿಡಿಕೆ ಕೊಯ್ದು ಗುಂಡಿ ಮಾಡುತ್ತೇನೆ. ಕುಕ್ಕರ್ ಹಿಡಿಕೆಯಷ್ಟು ಗಟ್ಟಿ, ಬೆರಳಿಗೆ ಅಷ್ಟು ಹಿತವಾದ ಸಾಮಾನು ಇನ್ನೊಂದಿಲ್ಲ. ಒಂದು ವಿಡಿಯೋ ಹಾಕಿದ್ದೇ ತಡ, ಶಿಗ್ಗಾಂವದಿಂದ, ಹಂಸಭಾವಿಯಿಂದ, ಎಲ್ಲೆಲ್ಲಿಂದಲೋ ಕಂಡಕ್ಟರ್ ಕೈಯಲ್ಲಿ ಪಾರ್ಸಲ್ ಬರತೊಡಗಿದವು.

ಇನ್ನೊಂದು ಮಾತು. ಪ್ಯಾಡ್ ಬಿಚ್ಚಿದರೆ ಆಡಿದವರ ಸ್ವಭಾವ ಕಾಣುತ್ತದೆ. ಹಿರೇಕೆರೂರಿನ ಬೀಜದ ಅಂಗಡಿಯ ಕೊಟ್ರೇಶನ ಪ್ಯಾಡಿನಲ್ಲಿ ಗುಂಡಿ ಸೀಳಿತ್ತು, ರಬ್ಬರ್ ಹರಿದಿತ್ತು, ವಾಯರಿನ ಮೇಲೆ ಹಲ್ಲಿನ ಗುರುತಿತ್ತು. ಈತ ಮಾತಾಡುವಾಗ ಟೇಬಲ್ ಕುಟ್ಟುತ್ತಾನೆ ನೋಡು ಅಂತ ಅಪ್ಪನಿಗೆ ಮೊದಲೇ ಹೇಳಿದ್ದೆ. ಬಂದವನೇ ಕುಟ್ಟಿದ. ನನ್ನ ಲೆಕ್ಕ ಎಂದೂ ತಪ್ಪಿರಲಿಲ್ಲ.

ಹೀಗಿರುವಾಗ ಸವಣೂರಿನಿಂದ ಒಂದು ಪ್ಯಾಡ್ ಬಂತು.

ಕೆಂಪು ಬಟ್ಟೆಯಲ್ಲಿ ಸುತ್ತಿದ್ದರು. ವಾಯರನ್ನು ಮಡಚಿ ಬಾಳೆನಾರಿನಿಂದ ಕಟ್ಟಿದ್ದರು. ಆಟದಲ್ಲಿ ಗುಂಡು ಹೊಡೆಯುವ ಗುಂಡಿಯ ಮೇಲೆ ಮಾತ್ರ ವಿಚಿತ್ರ ಗಾಯಗಳು, ಬಿದಿಗೆ ಚಂದ್ರನ ಆಕಾರದಲ್ಲಿ, ಒಂದರ ಮೇಲೊಂದು. ಯಾರೋ ಬೇಕೆಂದೇ ಕೊಯ್ದಿದ್ದಾರೆ ಅಂತ ನನಗೆ ಸಿಟ್ಟು ಬಂತು. ಚೀಟಿಯಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ.

"ಪ್ಯಾಡಿನ ಮ್ಯಾಲೆ ಬ್ಲೇಡ್ ಆಡಿಸೀರೇನ್ರಿ?"

ಆ ಕಡೆಯಿಂದ ಒಂದು ಮೆತ್ತಗಿನ ದನಿ. "ಬ್ಲೇಡ್ ಅಲ್ರಿ. ಉಗುರು."

"ಇಂಥಾ ಉಗುರು ಹುಲಿಗೆ ಇರ್ತಾವ್ರಿ."

ನಕ್ಕ. ಆ ನಗುವಿನಲ್ಲಿ ನನ್ನ ಅರ್ಧ ಸಿಟ್ಟು ಹೋಯಿತು. ಅವನ ಹೆಸರು ಮಾಲತೇಶ, ಮನೆಗೆ ಎಲೆತೋಟ ಇದೆ. ವೀಳ್ಯದೆಲೆ ಚಿವುಟಲು ಹೆಬ್ಬೆರಳಿಗೆ ತಗಡಿನ ಉಗುರು ಹಾಕಿಕೊಳ್ಳುತ್ತಾರಂತೆ. ಮಧ್ಯಾಹ್ನ ಮನೆಗೆ ಬಂದು, ಉಗುರು ತೆಗೆಯುವುದನ್ನು ಮರೆತು, ಹಾಗೇ ಆಟಕ್ಕೆ ಕೂತರೆ ಗುಂಡಿಗೆ ಈ ಗತಿ.

"ಆಡೋರು ಯಾರ್ರಿ?" ಅಂದೆ.

ಅವನು ಸುಮ್ಮನಾದ.

"ನಾನರಿ."

ಆ ಮೌನವನ್ನು ನಾನು ನಾಚಿಕೆ ಅಂದುಕೊಂಡೆ.

ಪ್ಯಾಡ್ ಬಿಚ್ಚಿದೆ. ನಿಮಗೆ ಹೇಗೆ ಹೇಳಲಿ, ಅಷ್ಟು ಚಂದ ಸವೆದ ಪ್ಯಾಡನ್ನು ನಾನು ನೋಡಿರಲಿಲ್ಲ. ಗುಂಡಿಯ ಕೆಳಗೆ ಕರೆಂಟು ಮುಟ್ಟಿಸುವ ರಬ್ಬರಿನ ಕಪ್ಪು ಚುಕ್ಕೆ ಸುತ್ತಲೂ ಒಂದೇ ಸಮ ಸವೆದಿತ್ತು. ಉಗುರಿನ ಗೆರೆಗಳೆಲ್ಲ ಒಂದೇ ಜಾಗದಲ್ಲಿ. ಸೋತಾಗ ಗುದ್ದಿದ ಗುರುತಿಲ್ಲ, ಗೆದ್ದಾಗ ಎಸೆದ ಗುರುತಿಲ್ಲ. ಅವಸರವಿಲ್ಲದ, ಸಿಟ್ಟಿಲ್ಲದ ಕೈ. ಒಮ್ಮೆ ಒತ್ತಿ, ಏನಾಗುತ್ತದೆ ಅಂತ ಕಾದು ನೋಡುವ ಕೈ. ನಾನು ಮಾತಾಡುವ ಸ್ಪೀಡು ನಿಮಗೆ ಗೊತ್ತಾಗಿದೆಯಲ್ಲ, ನನಗೆ ಅಂಥ ಕೈ ಕಂಡರೆ ಏನಾಗಬೇಡ?

ಆ ಗುಂಡಿಗೆ ಮೂರು ದಿನ ಹಿಡಿಯಿತು. ಕುಕ್ಕರ್ ಹಿಡಿಕೆಯ ತುಂಡನ್ನು ಉಜ್ಜಿ ಉಜ್ಜಿ, ನೆತ್ತಿಯಲ್ಲಿ ಒಂದು ಸಣ್ಣ ತಗ್ಗು ಕೊರೆದೆ, ತಗಡಿನ ಉಗುರಿನ ತುದಿ ಬಂದು ಕೂರುವಷ್ಟು. ಇನ್ನು ಮರೆತು ಆಡಿದರೂ ಗಾಯವಾಗುವುದಿಲ್ಲ.

ಪ್ಯಾಡ್ ಒಯ್ಯಲು ಅವನೇ ಬಂದ. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ, ಕೈಯಲ್ಲಿ ಎಲೆಯ ಕಟ್ಟು. ಹೆಬ್ಬೆರಳು ನೋಡಬೇಕಿತ್ತು. ನಾನು ಕಣ್ಣು ನೋಡಿದೆ.

ಅಲ್ಲಿಂದ ನಾಲ್ಕು ತಿಂಗಳು. ಒಂದು ಸಲ ವಾಯರ್ ಕೆಟ್ಟಿದೆ ಅಂದ, ಒಂದು ಸಲ ಅಡಾಪ್ಟರ್ ಅಂದ, ಒಂದು ಸಲ ಟಿವಿಯ ಹಿಂದಿನ ಪಿನ್ನು ಅಂದ. ಬಂದಾಗಲೆಲ್ಲ, ಆ ಪ್ಯಾಡ್ ಸವೆಸಿದ ಕೈಯನ್ನು ನಾನು ಹೊಗಳುತ್ತಿದ್ದರೆ, ಸ್ಟೂಲಿನ ಮೇಲೆ ಕೂತು ನನ್ನ ಕೈ ನೋಡುತ್ತಿದ್ದ, ನಾನು ತಲೆ ಎತ್ತಿದರೆ ಸೋಲ್ಡರಿಂಗ್ ಕಡ್ಡಿ ನೋಡುತ್ತಿದ್ದ. ಆ ಕಡ್ಡಿಯನ್ನು ಅಷ್ಟು ಪ್ರೀತಿಯಿಂದ ಯಾರೂ ನೋಡಿರಲಿಕ್ಕಿಲ್ಲ.

ಒಂದು ದಿನ ಅಪ್ಪ, ಅವನೇ ತಂದ ಎಲೆ ಬಾಯಲ್ಲಿಟ್ಟುಕೊಂಡು, ಕೇಳಿಯೇಬಿಟ್ಟರು. "ಅಲ್ಲೋ ತಮ್ಮಾ, ಸವಣೂರಾಗ ವಾಯರ್ ಸಿಗಂಗಿಲ್ಲೇನು?"

"ಸಿಗ್ತಾವ್ರಿ ಕಾಕಾ. ಇಷ್ಟು ಚಲೋ ಇರಂಗಿಲ್ಲ."

ಅಪ್ಪ ನನ್ನ ಕಡೆ ನೋಡಲಿಲ್ಲ. ಅಡಕೆ ಜೋರಾಗಿ ಅಗಿದರು.

ಮೊನ್ನೆ ಬುಧವಾರ ನಾವಿಬ್ಬರೂ ಕೆರೆ ದಂಡೆಗೆ ಹೋಗಿದ್ದೆವು. ನಾನು ಬಹಳ ಹೊತ್ತು ಏನೇನೋ ಹರಟಿದೆ, ಆಮೇಲೆ ಅದೇ ಓಟದಲ್ಲಿ ಹೇಳಿಬಿಟ್ಟೆ. "ನಿಮಗ ಸಿಟ್ಟ ಬರಂಗಿಲ್ಲ. ಅವಸರ ಇಲ್ಲ. ಒಂದ ಸಲ ಒತ್ತಿದ್ರ ಸಾಕು ಅಂತ ನಂಬ್ತೀರಿ. ಪ್ಯಾಡ್ ಬಿಚ್ಚಿದ ದಿನಾನ ನೀವು ನನಗ ಗೊತ್ತಾಗೀರಿ. ಅವತ್ತಿಂದನ ನನ್ನ ಮನಸ್ಸು ನಿಮ್ಮ ಕಡೆ ಐತಿ."

ಅವನ ಕೈಯಲ್ಲಿ ಒಂದು ಎಲೆಯಿತ್ತು. ಅದರ ತೊಟ್ಟು ಮುರಿದ. "ನಾ ಹಂಗೇನಿಲ್ರಿ," ಅಂದ. ವಿನಯ ಅಂದುಕೊಂಡೆ. ಮತ್ತೂ ಇಷ್ಟವಾದ.

ಹೋಗುವ ಮುಂಚೆ ಕೇಳಿದ, ಸೋಮವಾರ ಸಂಜೆ ತಾನು ನಮ್ಮಪ್ಪನ ಹತ್ತಿರ ಮದುವೆಯ ಮಾತಾಡಲು ಬರಲೇ ಅಂತ. ನಮ್ಮ ಮನೆಯವರ ಜಾತಿ ಬೇರೆ, ಅವರ ಮನೆಯವರದು ಬೇರೆ. ಈ ಮಾತು ಒಮ್ಮೆ ಅಪ್ಪನ ಮುಂದೆ ಇಟ್ಟರೆ ವಾಪಸ್ ತೆಗೆದುಕೊಳ್ಳುವಂಥದ್ದಲ್ಲ. ಹುಡುಗ ಇಂಥ ಗುಣದವನು ಅಂತ ನಾನು ಎದೆ ಮುಟ್ಟಿ ಹೇಳಬೇಕಾಗುತ್ತದೆ. ಬರ್ರಿ ಅಂದೆ. ನನಗೆ ಪೂರಾ ಖಾತ್ರಿಯಿತ್ತು.

ಆ ಖುಷಿಯಲ್ಲಿ ಎರಡು ದಿನ ಕೂತು ಒಂದು ಹೊಸ ಪ್ಯಾಡ್ ಮಾಡಿದೆ. ತೇಗದ ಚೌಕಟ್ಟು, ಹಳೆಯ ಸವೆತದ ಅಳತೆಗೇ ಎರಡು ಗುಂಡಿ, ನೆತ್ತಿಯಲ್ಲಿ ಅದೇ ತಗ್ಗು. ಇವತ್ತು ಮಧ್ಯಾಹ್ನ ಅವನಿಗೆ ಹೇಳದೆ ಸವಣೂರಿನ ಬಸ್ಸು ಹತ್ತಿದೆ.

ಎಲೆತೋಟದವರ ಮನೆ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಒದ್ದೆ ಗೋಣಿಚೀಲದ ಮೇಲೆ ಎಲೆಯ ರಾಶಿ, ಅದರ ಪಕ್ಕ ಟಿವಿ, ಟಿವಿಯ ಮುಂದೆ ಚಾಪೆಯ ಮೇಲೆ ಐವತ್ತೈದು ದಾಟಿದ ಒಬ್ಬ ಹೆಂಗಸು. ಟ್ಯಾಂಕಿನ ಆಟ ನಡೆದಿತ್ತು. ಬೆನ್ನು ನೆಟ್ಟಗೆ, ಕಣ್ಣು ಪರದೆಯಲ್ಲಿ, ಹೆಬ್ಬೆರಳಿಗೆ ತಗಡಿನ ಉಗುರು. ಒಮ್ಮೆ ಒತ್ತಿದಳು. ಕಾದಳು. ಮತ್ತೊಮ್ಮೆ ಒತ್ತಿದಳು.

ನನ್ನ ನೆರಳು ಬಿದ್ದದ್ದೇ ಪ್ಯಾಡ್ ಸೆರಗಿನೊಳಗೆ ಹೋಯಿತು.

"ಯಾರವ್ವಾ?"

ಹೆಸರು ಹೇಳಿದೆ. ಅವಳ ಮುಖ ಅರಳಿತು. "ಗುಂಡಿ ಮಾಡಾಕಿ?" ಪ್ಯಾಡ್ ಸೆರಗಿನಿಂದ ಹೊರಗೆ ಬಂತು. ಅವಳು ದುರಗವ್ವ, ಮಾಲತೇಶನ ತಾಯಿ. ನನ್ನ ಕೈಯಲ್ಲಿದ್ದ ಹೊಸ ಪ್ಯಾಡನ್ನು ತಾನೇ ತೆಗೆದುಕೊಂಡು ಹೆಬ್ಬೆರಳು ಇಟ್ಟಳು. ಉಗುರಿನ ತುದಿ ತಗ್ಗಿನೊಳಗೆ ಹೋಗಿ ಕೂತಿತು, ಮನೆಗೆ ಬಂದವರು ಕೂತ ಹಾಗೆ.

"ನನ್ನ ಬೆರಳಿನ ಅಳತಿ ನಿನಗ ಯಾರು ಕೊಟ್ರು?"

ನಾಲ್ಕು ತಿಂಗಳು ನಾನು ಯಾರನ್ನು ನೆನೆದು ನಗುತ್ತಿದ್ದೆನೋ ಆ ಕೈ ಇವಳದು. ಸಿಟ್ಟಿಲ್ಲದವಳು ಇವಳು. ಅವಸರವಿಲ್ಲದವಳು ಇವಳು. ಹಾಗಾದರೆ ಅವನು ಯಾರು?

ಅವನು ಎಲೆಬುಟ್ಟಿ ಹೊತ್ತು ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ನನ್ನನ್ನು ನೋಡಿದ, ಪ್ಯಾಡ್ ನೋಡಿದ, ಬುಟ್ಟಿ ಇಳಿಸಲು ಮರೆತ.

ಅವನ ಬಾಯಿಂದ ಎಲ್ಲ ಬಂತು. ಊರವರು ನಗುತ್ತಾರೆ ಅಂತ ದುರಗವ್ವ ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದ್ದಳಂತೆ, ಅದಕ್ಕೇ ಫೋನಿನಲ್ಲಿ ಆಡುವವನು ತಾನೇ ಅಂದನಂತೆ. ಅದು ಮೊದಲ ದಿನದ ಮಾತು. ಆಮೇಲೆ?

"ಆಮ್ಯಾಲೆ ನನ್ನ ಸಲವಾಗಿ ಸುಮ್ಮನಿದ್ದೆ," ಅಂದ. "ನೀವು ಆ ಕೈನ ಅಷ್ಟು ಹೊಗಳತಿದ್ರಿ. ಅದು ನಂದಲ್ಲ ಅಂದ್ರ ನಿಮ್ಮ ಅಂಗಡಿಗೆ ಬರಾಕ ನನಗ ಏನ ಉಳೀತೈತಿ? ಅವ್ವನ ಗುಣ ನನಗ ಬಂದಿಲ್ರಿ. ಸೋಮವಾರ ಬರೂದೋ ಬ್ಯಾಡೋ, ನೀವ ಹೇಳ್ರಿ."

ಅವನಿಂದ ಕಣ್ಣು ತೆಗೆದು ಸುತ್ತ ನೋಡಿದೆ.

ಟಿವಿಯ ಕೆಳಗೆ ಎರಡನೇ ಪ್ಯಾಡ್ ಬಿದ್ದಿತ್ತು. ಅದನ್ನು ಯಾರು ಆಡುತ್ತಾರೆ ಅಂತ ದುರಗವ್ವನನ್ನೇ ಕೇಳಿದೆ. "ಇಂವನ, ದಿನಾ ಸಂಜೆ ನನ್ನ ಜೋಡಿ, ಎಂಟು ವರ್ಷದಿಂದ," ಅಂದಳು. ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದೆ. ಅಲ್ಲೇ ಹೊಸ್ತಿಲ ಮೇಲೆ ಕೂತು ಬಿಚ್ಚಿದೆ. ಆರು ಸ್ಕ್ರೂ. ಅವನು ಗೋಡೆಗೆ ಒರಗಿ ನಿಂತಿದ್ದ, ಆಸ್ಪತ್ರೆಯಲ್ಲಿ ರಿಪೋರ್ಟಿಗೆ ಕಾಯುವವರ ಹಾಗೆ.

ನಾಲ್ಕು ದಿಕ್ಕಿನ ಗುಂಡಿ ಪೂರಾ ಸವೆದಿತ್ತು. ಹೊಡೆಯುವ ಗುಂಡಿಯ ಕಪ್ಪು ಚುಕ್ಕೆ ಅಂಗಡಿಯಿಂದ ಬಂದ ದಿನದ ಹಾಗೇ ಇತ್ತು. ಎಂಟು ವರ್ಷದಲ್ಲಿ ಈತ ಗುಂಡೇ ಹೊಡೆದಿಲ್ಲ! ತಾಯಿ ಗೆಲ್ಲಲಿ ಅಂತ ಸುಮ್ಮನೆ ಜೊತೆಗೆ ಓಡಾಡಿದ್ದಾನೆ. ನನ್ನ ಎದೆ ಅಷ್ಟೆತ್ತರ ಹಾರಿತು. ಇದೂ ಒಂದು ಗುಣವೇ ಅಲ್ಲವೇ?

ಹಾರಿದ್ದು ಅಲ್ಲೇ ನಿಂತಿತು. ಒಂದು ಪ್ಯಾಡ್ ಓದಿ ಮೋಸಹೋದದ್ದು ಗೊತ್ತಾಗಿ ಇನ್ನೂ ಅರ್ಧ ತಾಸಾಗಿರಲಿಲ್ಲ.

ಸ್ಕ್ರೂ ಬಿಗಿದು ಪ್ಯಾಡನ್ನು ಅವನ ಕೈಗೆ ಕೊಟ್ಟೆ. "ಬರ್ರಿ. ನನ್ನ ಜೋಡಿ ಆಡ್ರಿ."

ಕೂತ. ಆಗ ಮೊದಲ ಸಲ ಅವನ ಹೆಬ್ಬೆರಳು ನೋಡಿದೆ. ದಪ್ಪ, ಅಗಲ, ನಾನು ಮಾಡಿದ ಯಾವ ಗುಂಡಿಗೂ ಹೊಂದದ ಬೆರಳು.

ಆಟದಲ್ಲಿ ನಮ್ಮವು ಎರಡು ಟ್ಯಾಂಕು, ಎದುರಿಗೆ ವೈರಿಗಳು. ನಮ್ಮವರ ಗುಂಡು ನಮಗೇ ತಾಗಿದರೆ ಸ್ವಲ್ಪ ಹೊತ್ತು ಕದಲಲಾಗುವುದಿಲ್ಲ. ಶುರುವಾಗಿ ನಿಮಿಷವೂ ಆಗಿರಲಿಲ್ಲ, ಮಾಲತೇಶ ಗಾಬರಿಯಲ್ಲಿ ಗುಂಡು ಹೊಡೆದ. ನೇರವಾಗಿ ನನಗೆ. ನನ್ನ ಟ್ಯಾಂಕು ನಡುಬೀದಿಯಲ್ಲಿ ಕಲ್ಲಾಯಿತು.

ಹಿಂದಿನಿಂದ ದುರಗವ್ವ ಸಮಾಧಾನವಾಗಿ ಅಂದಳು. "ನೋಡಿದಿಲ್ಲವ್ವಾ? ಅಂವ ಹೊಡದ್ರ ನಮಗ ಹತ್ತತೈತಿ. ಅದಕ್ಕ ಮೊದಲ ದಿನಾನ, ನೀ ಹೊಡೀಬ್ಯಾಡಪಾ ಅಂತ ಹೇಳೇನಿ."

ಗುಂಡಿ ಹೊಸದಾಗಿ ಉಳಿದದ್ದು ಅದಕ್ಕೆ! ತ್ಯಾಗವೂ ಅಲ್ಲ, ಏನೂ ಅಲ್ಲ. ನನ್ನ ಎರಡನೇ ಓದೂ ಮಣ್ಣುಪಾಲು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಪರದೆಯಲ್ಲಿ ಮೂರು ವೈರಿ ಟ್ಯಾಂಕು ನನ್ನ ಕಡೆಗೇ ಬರುತ್ತಿದ್ದವು, ನಾನು ಕದಲುವಂತಿರಲಿಲ್ಲ.

ಆಗ ಅವನ ಟ್ಯಾಂಕು ತನ್ನ ಮೂಲೆ ಬಿಟ್ಟು ಬಂತು. ಬಂದು ನನ್ನ ಮುಂದೆ ಅಡ್ಡ ನಿಂತಿತು. ಒಂದು ಗುಂಡು ತಿಂದು ಹೋಯಿತು. ಮತ್ತೆ ಮೂಲೆಯಿಂದ ಹುಟ್ಟಿ ಓಡಿ ಬಂದು ಮತ್ತೆ ನಿಂತಿತು. ಕೊನೆಯ ಜೀವ ಹೋಗುವಾಗ ನನ್ನ ಟ್ಯಾಂಕು ಕದಲಿತು.

ಅವನು ಪ್ಯಾಡ್ ಕೆಳಗಿಟ್ಟ. "ತಪ್ಪಾತ್ರಿ," ಅಂದ. "ಗುಂಡು ಹೊಡದದ್ದೂ, ಸುಳ್ಳು ಹೇಳಿದ್ದೂ, ಎರಡೂ."

ನಾನು ಎದ್ದೆ. ಬಸ್ಸಿಗೆ ಹತ್ತು ನಿಮಿಷವಿತ್ತು. ಚಪ್ಪಲಿ ಹಾಕಿಕೊಳ್ಳುತ್ತ, ಅವನ ಮುಖ ನೋಡದೆ, ಹೇಳಿದೆ. "ಸೋಮವಾರ ಬರೂದಾದ್ರ ಅವ್ವನ್ನೂ ಕರ್ಕೊಂಡ ಬರ್ರಿ. ಪ್ಯಾಡ್ ಆಡೋರು ಯಾರಂತ ಅಪ್ಪ ಕೇಳಿದ್ರ ಖರೇ ಹೇಳ್ರಿ."

ಅವನು ತಾಯಿಯ ಕಡೆ ನೋಡಿದ. ಆಣೆ ಹಾಕಿಸಿದವಳು ಅವಳಲ್ಲವೇ?

ದುರಗವ್ವ ಹೆಬ್ಬೆರಳಿನ ತಗಡಿನ ಉಗುರು ತೆಗೆದು ಸೆರಗಿನ ತುದಿಗೆ ಗಂಟು ಹಾಕಿದಳು. "ಅಂವ ಯಾಕ ಹೇಳ್ತಾನ? ನಾನ ಹೇಳ್ತೇನಿ ಬಿಡು."

ಈಗ ಬಸ್ಸು ಶಿಗ್ಗಾಂವ ದಾಟಿದೆ. ಅವನ ಬೆರಳಿನ ಅಳತೆ ನನ್ನ ಹತ್ತಿರ ಇನ್ನೂ ಇಲ್ಲ. ಅದನ್ನು ಯಾವ ಪ್ಯಾಡಿನಿಂದಲೂ ತೆಗೆಯಲಾಗುವುದಿಲ್ಲ, ಕೈ ಹಿಡಿದೇ ತೆಗೆಯಬೇಕು. ನಾಡಿದ್ದು ಅಪ್ಪನ ಮುಂದೆ ಕೂತು ನಾನು ಏನು ಹೇಳಲಿ? ಈತ ಶಾಂತ ಅನ್ನಲೇ, ಸತ್ಯವಂತ ಅನ್ನಲೇ? ಗುರಿ ತಪ್ಪಿ ನನಗೇ ಹೊಡೆಯುತ್ತಾನೆ, ಆಮೇಲೆ ನನ್ನ ಮುಂದೆ ಬಂದು ನಿಲ್ಲುತ್ತಾನೆ. ನನಗೆ ಖಾತ್ರಿಯಾಗಿ ಗೊತ್ತಿರುವುದು ಇಷ್ಟೇ, ಇಷ್ಟನ್ನೇ ನಂಬಿ ಬನ್ನಿ ಅಂದಿದ್ದೇನೆ.

ಆ ಹೊಸ್ತಿಲ ಮೇಲೆ, ಆ ಸ್ಕ್ರೂಡ್ರೈವರ್ ಹಿಡಿದು ಕೂತವರು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?